ಕಲಾದಗಿಯ ಗೋರಿಗಳ ನಕ್ಷೆ ತೆಗೆದದ್ದು

ಕಲಾದಗಿ ಎಂದರೆ ಈಗ ದಾಳಿಂಬೆ, ಚಿಕ್ಕು. ಜಿಲ್ಲಾ ಕೇಂದ್ರ 1885ರಲ್ಲಿ ವಿಜಯಪುರಕ್ಕೆ ಹೋಗುವವರೆಗೆ ಇಲ್ಲೇ ಇತ್ತು, ಇಂಗ್ಲಿಷರ ದಂಡೂ ಇಲ್ಲಿ ತಂಗಿತ್ತು. ಅವರ ಗೋರಿಗಳ ನಕ್ಷೆ ತೆಗೆಯಬೇಕೆಂದು, ನಿವೃತ್ತ ಚಿತ್ರಕಲಾ ಶಿಕ್ಷಕನಾದ ನಾನು ಪರಿಚಯದ ಗೌಂಡಿಯೊಬ್ಬನನ್ನು ಕರೆದುಕೊಂಡು ಹೋದೆ.

ಅವನು ಮೂಲೆಮಟ್ಟ ಇಟ್ಟು ನೋಡಿ ತಲೆಯಾಡಿಸಿದ. "ಇದು ಇಲ್ಲಿ ನಡೆಯುವುದಿಲ್ಲ ಮಾಸ್ತರರೇ, ನೆಲವೇ ಕುಸಿದಿದೆ." ಹಾಗಾಗಿ ಒಂದಕ್ಕೊಂದು 20 ಮೀಟರ್ ದೂರದಲ್ಲಿ ಎರಡು ಗೂಟ ಹೊಡೆದು, ಪ್ರತಿ ಕಲ್ಲಿಗೂ ಎರಡೂ ಗೂಟಗಳಿಂದ ಟೇಪು ಹಿಡಿದೆವು. ಗ್ರಾಫ್ ಹಾಳೆಯ ಮೇಲೆ ಕೈವಾರದಿಂದ ಎರಡು ಕಂಸ ಎಳೆದರೆ, ಅವು ಕೂಡಿದಲ್ಲಿ ಆ ಕಲ್ಲು. ಕೋನ ಅಳೆಯುವ ಗೋಜೇ ಇಲ್ಲ.

ಬರಹ ಓದುವಲ್ಲಿ ಮಾತ್ರ ತಪ್ಪು ಮಾಡಿದೆ. ಅಕ್ಷರ ಎದ್ದು ಕಾಣಲೆಂದು ಒಂದು ಕಲ್ಲಿಗೆ ಸೀಮೆಸುಣ್ಣದ ಪುಡಿ ತಿಕ್ಕಿದೆ. ಅದು ಸವೆದ ಕಲ್ಲಿನ ರಂಧ್ರಗಳಿಗೆ ಇಳಿದು, ಎಷ್ಟು ತೊಳೆದರೂ ಬರಲಿಲ್ಲ. ನಲವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈಯ ದುರಭ್ಯಾಸ! ಆಮೇಲೆ ಬರೀ ನೀರು, ಮೆತ್ತನೆಯ ಬ್ರಶ್ಶು, ಒಂದು ಕನ್ನಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಬೋಳಾಗಿ ಕಂಡ ಕಲ್ಲಿಗೆ ಪಕ್ಕದಿಂದ ಕನ್ನಡಿಯ ಬೆಳಕು ಹಾಯಿಸಿದರೆ ಅಕ್ಷರದ ಅಂಚಿನಲ್ಲಿ ನೆರಳು ಬೀಳುತ್ತದೆ. 3 ಎಂದು ಬರೆದುಕೊಂಡಿದ್ದ ಅಂಕಿ ಒಂದು ಕಡೆ 8 ಆಯಿತು.

ಕೆಲವು ಗೋರಿಗಳ ಸುತ್ತ ಮೊಣಕೈ ಉದ್ದದ ತುಂಡುಕಲ್ಲುಗಳಿದ್ದವು. ಉರುಳಿಬಿದ್ದವೆಂದು ಗೌಂಡಿ ಒಂದನ್ನು ಕಿತ್ತು ಬದಿಗಿಟ್ಟಿದ್ದ. ಅದಕ್ಕೂ ಮುಂಚೆ ನಾನು ಅಳತೆ ಬರೆದುಕೊಂಡಿದ್ದೆ, ಪುಣ್ಯ. ಮನೆಯಲ್ಲಿ ಗ್ರಾಫ್ ಹಾಳೆ ತುಂಬಿದಂತೆ, ಪ್ರತಿ ತುಂಡುಕಲ್ಲೂ ಒಂದೊಂದು ತಲೆಗಲ್ಲಿನ ನೇರ ಪೂರ್ವಕ್ಕೆ ಬಂತು. ಕ್ರೈಸ್ತರು ಹಿಂದಿನಿಂದ ಹೂಳುವ ರೂಢಿಯೇ ಹಾಗೆ: ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ, ಪುನರುತ್ಥಾನದ ದಿನ ಎದ್ದರೆ ಮುಖ ಸೂರ್ಯೋದಯದತ್ತ. ಇವು ಕಾಲುಗಲ್ಲುಗಳು. ತಲೆಗಲ್ಲಿನಿಂದ ಆರಡಿಗೆ ತುಸು ಹೆಚ್ಚು ದೂರ. ಗೌಂಡಿ ಕಿತ್ತದ್ದು ಮಾತ್ರ ಮೂರಡಿಯೂ ಇರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆಯೇ ಹೋಗಿ ಅದರ ತಲೆಗಲ್ಲಿಗೆ ಕನ್ನಡಿ ಹಿಡಿದೆ. ಹೆಸರು ಹೋಗಿತ್ತು, ಕೆಳಗೆ "ಮಂತ್ಸ್" ಎಂಬ ಒಂದು ಪದ, ತಿಂಗಳುಗಳು. ಗೌಂಡಿಗೆ ಓದಿ ಹೇಳಿದೆ. ಅವನು ಮಾತಾಡದೆ ಹಾರೆ ತಂದ. ನಾನು ಎರಡೂ ಗೂಟಗಳಿಂದ ಅಳತೆ ಕೂಗಿದೆ, ಅವನು ಕಲ್ಲನ್ನು ಮತ್ತೆ ಅದೇ ಕುಳಿಯಲ್ಲಿ ನೆಟ್ಟ.