ರಬ್ಬರ್ ಉಂಗುರ ನೋಡಿ ಫುಲ್ ಸಸ್ಪೆನ್ಶನ್ ಬೈಕು ಆರಿಸಿದೆ: ನನ್ನ ಅನುಭವ

ಹಿಂದೆ 130, ಮುಂದೆ 140 ಮಿ.ಮೀ. ಟ್ರಾವೆಲ್ (ಗುದ್ದು ತಿಂದಾಗ ಚಕ್ರ ಮೇಲಕ್ಕೆ ಸರಿಯಬಲ್ಲ ದೂರ) ಇರುವ ಮೌಂಟನ್ ಬೈಕನ್ನು, ಅಂದರೆ ಗುಡ್ಡಗಾಡಿನ ಸೈಕಲ್ಲನ್ನು, ಕೊಳ್ಳುತ್ತೇನೆಂದಾಗ ನಮ್ಮ ಗುಂಪಿನಲ್ಲಿ ಯಾರೊಬ್ಬರೂ ಒಪ್ಪಲಿಲ್ಲ. "ಇಷ್ಟು ದುಡ್ಡು ಸುರಿಯುವವರು 160 ತೆಗೆದುಕೊಳ್ಳಿ ಸಾರ್, ಆಮೇಲೆ ಕೊರಗಬೇಡಿ" ಎಂದರು. ಎರಡು ವರ್ಷ ಕಳೆದಿದೆ, ನಾನು ಕೊರಗಿಲ್ಲ.

160 ನನಗೆ ಹೊಸದೇನೂ ಆಗಿರಲಿಲ್ಲ. ನನ್ನ ಮೊದಲ ಫುಲ್ ಸಸ್ಪೆನ್ಶನ್ ಬೈಕು, ಅಂದರೆ ಹಿಂದೆ ಮುಂದೆ ಎರಡೂ ಚಕ್ರಗಳಿಗೆ ಸಸ್ಪೆನ್ಶನ್ ಇರುವಂಥದ್ದು, ಅದೇ. ಸುಮಾರು 1,85,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಹದಿನಾರು ಕಿಲೋ ತೂಗುತ್ತಿದ್ದ ಆ ಬೈಕು ಬೆಂಗಳೂರಿನ ತುರಹಳ್ಳಿ ಕಾಡಿನ ಚಿಕ್ಕ ಚಿಕ್ಕ ಏರುಗಳಲ್ಲಿ ನನ್ನನ್ನು ಸುಸ್ತು ಮಾಡಿ, ಇಳಿಜಾರು ಬರುವ ಹೊತ್ತಿಗೆ ಕಾಲಲ್ಲಿ ಕಸುವೇ ಉಳಿಯದಂತೆ ಮಾಡುತ್ತಿತ್ತು. ಗೆಳೆಯರೊಬ್ಬರಿಗೆ 1,30,000ಕ್ಕೆ ಕೊಟ್ಟೆ. ಅದೇ ಬೇಸರದಲ್ಲಿ ಇನ್ನೊಂದು ತುದಿಗೆ ಹೋಗಿ, 100 ಮಿ.ಮೀ.ನ ಕ್ರಾಸ್ ಕಂಟ್ರಿ ಬೈಕು ತಂದೆ. ಏರಿನಲ್ಲಿ ಅದು ಹಾರುತ್ತಿತ್ತು. ಆದರೆ ಸಕಲೇಶಪುರದ ಕಾಫಿ ತೋಟವೊಂದರ ಇಳಿಜಾರಿನಲ್ಲಿ, ಒದ್ದೆ ಕಲ್ಲುಗಳ ಕೊನೆಗೆ ಅಡ್ಡ ಬಂದ ನೀರಿನ ಕಾಲುವೆಗೆ ಮುಂದಿನ ಚಕ್ರ ಇಳಿದು ಅಲ್ಲೇ ನಿಂತಿತು. ನಾನು ಹ್ಯಾಂಡಲ್ ದಾಟಿ ಬಿದ್ದೆ. ಎಡ ಮಣಿಕಟ್ಟಿಗೆ ಮೂರು ವಾರ ಪ್ಲಾಸ್ಟರ್. ಎರಡೂ ಬೈಕುಗಳಿಂದ ಒಟ್ಟು ಎಂಬತ್ತು ಸಾವಿರದಷ್ಟು ಕೈಬಿಟ್ಟಿತು.

ಲೆಕ್ಕ ಹಾಕಲು ಶುರು ಮಾಡಿದ್ದು ಆಮೇಲೆ. ಮಾರಿದ 160ನ್ನೇ ಗೆಳೆಯರಿಂದ ಆರು ವಾರ ಎರವಲು ತಂದು, ಸ್ಯಾಗ್ ಅನ್ನು (ಸವಾರ ಕೂತಾಗಲೇ ಸಸ್ಪೆನ್ಶನ್ ಕುಗ್ಗುವ ಪ್ರಮಾಣ) 30 ಶೇಕಡಾಕ್ಕೆ ಸರಿಯಾಗಿ ಇಟ್ಟು, ಪ್ರತಿ ಸವಾರಿಗೆ ಮೊದಲು ಹಿಂದಿನ ಶಾಕ್ ಅಬ್ಸಾರ್ಬರ್‌ನ ದಂಡದ ಮೇಲೆ ಜಾರುವ ರಬ್ಬರ್ ಉಂಗುರವನ್ನು ಸೀಲಿಗೆ ಒತ್ತಿ, ಮುಗಿದ ಮೇಲೆ ಅದು ಎಲ್ಲಿಗೆ ಸರಿದಿದೆಯೆಂದು ಅಳೆದು ಪುಸ್ತಕದಲ್ಲಿ ಬರೆದುಕೊಂಡೆ. ಜೊತೆಗೆ ಏರಿದ್ದೆಷ್ಟು ನಿಮಿಷ, ಇಳಿದದ್ದೆಷ್ಟು ನಿಮಿಷ, ಎಲ್ಲೆಲ್ಲಿ ಕಾಲೂರಿದೆ ಎಂಬುದನ್ನೂ ಬರೆದೆ. ಹದಿನೆಂಟು ಸವಾರಿಗಳಲ್ಲಿ ಹದಿಮೂರೋ ಹದಿನಾಲ್ಕೋ ತುರಹಳ್ಳಿ, ಬೆಂಗಳೂರಿನದೇ ಆದ ಅವಲಹಳ್ಳಿಗಳಲ್ಲೇ ಆಗಿದ್ದವು. ಆ ಶಾಕ್‌ನ ಸ್ಟ್ರೋಕ್, ಅಂದರೆ ಅದು ಪೂರ್ತಿ ಕುಗ್ಗುವ ದೂರ, 65 ಮಿ.ಮೀ.; ಅಷ್ಟು ಕುಗ್ಗಿದರೆ ಚಕ್ರ 160 ಮಿ.ಮೀ. ಸರಿಯುತ್ತದೆ. ಅಲ್ಲಿ ಉಂಗುರ 40ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು, ಅಂದರೆ ಹಿಂದಿನ ಚಕ್ರ ಬಳಸುತ್ತಿದ್ದುದು ನೂರು ಮಿ.ಮೀ. ಮಾತ್ರ. ಮಲೆನಾಡಿನ ಸವಾರಿಗಳಲ್ಲೂ ಉಂಗುರ 52, 53 ದಾಟಲಿಲ್ಲ, ಅಂದರೆ ಚಕ್ರಕ್ಕೆ ಸುಮಾರು 130 ಮಿ.ಮೀ. ಸಾಕಾಗಿತ್ತು. ನಾನು ಎತ್ತರದಿಂದ ಹಾರುವವನಲ್ಲ, ಕಲ್ಲುಗಳ ಮೇಲೆ ವೇಗವಾಗಿ ಉರುಳಿಕೊಂಡು ಹೋಗುವವನು. ಹಾಗಾಗಿ ನನ್ನನ್ನು ಸಕಲೇಶಪುರದಲ್ಲಿ ಕೆಡವಿದ್ದು ಟ್ರಾವೆಲ್‌ನ ಕೊರತೆಗಿಂತ ಹೆಚ್ಚಾಗಿ, ಆ ಕ್ರಾಸ್ ಕಂಟ್ರಿ ಬೈಕಿನ 69 ಡಿಗ್ರಿಯ ನೆಟ್ಟಗಿನ ಹೆಡ್ ಆ್ಯಂಗಲ್ (ಹ್ಯಾಂಡಲ್ ತಿರುಗುವ ಕೊಳವೆ ನೆಲಕ್ಕೆ ಇರುವ ಕೋನ) ಮತ್ತು ಡ್ರಾಪರ್ (ಸವಾರಿಯಲ್ಲೇ ಸೀಟು ತಗ್ಗಿಸುವ ಕಂಬ) ಇಲ್ಲದ ಎತ್ತರದ ಸೀಟು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗಿನ ಬೈಕು 66 ಡಿಗ್ರಿ, ಡ್ರಾಪರ್ ಸಹಿತ ಹದಿನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ, 2,30,000 ಬಿತ್ತು. ಚೀಲ, ನೀರು ಸೇರಿ ನಾನು 79 ಕಿಲೋ. ಶಾಕ್‌ನಲ್ಲಿ 180 ಪಿಎಸ್‌ಐ ಒತ್ತಡದ ಗಾಳಿ ತುಂಬಿದರೆ 50ರ ಸ್ಟ್ರೋಕ್‌ನಲ್ಲಿ ಸ್ಯಾಗ್ 14 ಮಿ.ಮೀ. ಬರುತ್ತದೆ. ಒರಟು ದಾರಿಯಲ್ಲಿ ಉಂಗುರ 45ರವರೆಗೆ ಹೋಗುತ್ತದೆ, ಪೂರ್ತಿ ತಳ ಮುಟ್ಟುವುದು ಎರಡು ಮೂರು ತಿಂಗಳಿಗೊಮ್ಮೆ. ಶಾಕ್‌ನೊಳಗೆ ಎಷ್ಟು ಸ್ಪೇಸರ್ (ಗಾಳಿಯ ಜಾಗ ಕಡಿಮೆ ಮಾಡುವ ತುಂಡು) ಹಾಕಿದ್ದೇನೆ, ರಿಬೌಂಡ್ (ಕುಗ್ಗಿದ ಶಾಕ್ ಮರಳುವ ವೇಗ) ಎಷ್ಟು ಕ್ಲಿಕ್ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದು ಇಡೀ ಬೇಸಿಗೆ ಹಿಡಿದಿದೆ.

ನಡುವೆ ಟೈರ್ ಗಾಳಿಯ ಪರೀಕ್ಷೆಯನ್ನೂ ಮಾಡಿದೆ. ಹಿಂದೆ 28ರಿಂದ 24 ಪಿಎಸ್‌ಐಗೆ, ಮುಂದೆ 25ರಿಂದ 21ಕ್ಕೆ ಇಳಿಸಿದಾಗ ಸಿಕ್ಕ ಹಿಡಿತ, ಟ್ರಾವೆಲ್ ಹತ್ತು ಮಿ.ಮೀ. ಹೆಚ್ಚಿದಷ್ಟೇ ಅನಿಸಿತು, ಆದರೆ 20ಕ್ಕಿಂತ ಕೆಳಗೆ ಹೋದಾಗ ಹಿಂದಿನ ರಿಮ್ ಕಲ್ಲಿಗೆ ಬಡಿದು ನೆಗ್ಗಿತು, ಸರಿಪಡಿಸಲು ಎಂಟು ನೂರು ಹೋಯಿತು.

ಬೈಕು ಆರಿಸುವಾಗ ಪಿವಟ್ ಬೇರಿಂಗ್ (ಹಿಂಭಾಗದ ಚೌಕಟ್ಟು ಮೇಲೆ ಕೆಳಗೆ ಆಡುವ ಕೀಲುಗಳ ಬೇರಿಂಗ್) ನಂಬರುಗಳನ್ನೂ ನೋಡಿಕೊಂಡಿದ್ದೆ. ಎಂಟು ಬೇರಿಂಗುಗಳೂ 6902, 6802ರಂಥ ಸಾಮಾನ್ಯ ಅಳತೆಯವು. ಮೊದಲ ಮಳೆಗಾಲದಲ್ಲೇ ಚೈನ್ ಬದಿಯ ಕೆಳಗಿನದು ತುಕ್ಕು ಹಿಡಿದು, ಬೆರಳಿನಿಂದ ತಿರುಗಿಸಿದರೆ ಮರಳು ಅರೆದಂತೆ ಕಿರುಗುಟ್ಟಿತು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ ಪೂರ್ತಿ ಸೆಟ್ಟು ಎರಡು ಸಾವಿರದೊಳಗೆ ಸಿಕ್ಕಿತು. ಈಗ ಪ್ರತಿ ವರ್ಷ ಅಕ್ಟೋಬರಿನಲ್ಲಿ, ಮಲೆನಾಡಿನ ಕೆಸರು ಒಣಗಿದ ಮೇಲೆ, ಎಂಟನ್ನೂ ಒಟ್ಟಿಗೆ ಬದಲಿಸುತ್ತೇನೆ.