ಮಳೆಗಾಲದಲ್ಲಿ ಆಡಿಗೆ ಯಾವ ಸೊಪ್ಪು, ಎಷ್ಟು?

ನಮ್ಮದು ಹಿರಿಯಡ್ಕದ ಹತ್ತಿರ ಸಣ್ಣ ಅಡಿಕೆ ತೋಟ, ಜೊತೆಗೆ ಒಂದಿಷ್ಟು ಆಡುಗಳು. ಜೂನ್ ಬಂತೆಂದರೆ ಅವನ್ನು ಗುಡ್ಡೆಗೆ ಬಿಡುವುದು ಕಷ್ಟ. ಹುಲ್ಲು ಹಸಿರಾಗಿ ಕಂಡರೂ ಅದರ ತುಂಬ ನೀರು. ಒದ್ದೆ ಹುಲ್ಲಿನ ಬುಡದಲ್ಲಿ ಜಂತುಹುಳದ ಮರಿಗಳೂ ಇರುತ್ತವೆ. ಹಾಗಾಗಿ ತುಂಬ ಜನ ಹಟ್ಟಿಯಲ್ಲೇ ಕಟ್ಟಿ ಬೈಹುಲ್ಲು ಹಾಕುತ್ತಾರೆ. ಆದರೆ ಬೈಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3-4 ಪಾಲು ಮಾತ್ರ. ಆಡಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಸರಿಯಾಗಿ ಕೆಲಸ ಮಾಡಲು 7-8 ಪಾಲಾದರೂ ಬೇಕು. ಗಬ್ಬದ ಆಡಿಗೆ, ಬೆಳೆಯುವ ಮರಿಗೆ ಇನ್ನೂ ಜಾಸ್ತಿ. ಅಷ್ಟನ್ನೂ ಹಿಂಡಿಯಲ್ಲೇ ಕೊಡಲು ಹೊರಟರೆ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ.

ನಮ್ಮ ಬೇಲಿಯ ಗ್ಲಿರಿಸಿಡಿಯ ಇದೆಯಲ್ಲ, ಗೊಬ್ಬರದ ಗಿಡ, ಅದರ ಒಣ ತೂಕದಲ್ಲಿ ಪ್ರೋಟೀನ್ ಸುಮಾರು 20 ಪಾಲು ಇರುತ್ತದೆ. ಹಸಿ ಸೊಪ್ಪಿನ ಮುಕ್ಕಾಲು ಪಾಲು ನೀರು ಅಂತ ಕಳೆದರೂ ಒಂದು ಕಿಲೋದಲ್ಲಿ 50 ಗ್ರಾಂ ಪ್ರೋಟೀನ್ ಉಳಿಯಿತು. ನೂರು ಗ್ರಾಂಗಿಂತ ಜಾಸ್ತಿ ಕಡಲೆಕಾಯಿ ಹಿಂಡಿಯಲ್ಲಿ ಸಿಗುವಷ್ಟು! ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಎಲೆ, ನುಗ್ಗೆ, ಅಗಸೆ ಮರ, ಸುಬಾಬುಲ್ ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಹಲಸಿನ ಸೊಪ್ಪಿನಲ್ಲಿ ಪ್ರೋಟೀನ್ ಸ್ವಲ್ಪ ಕಡಿಮೆ, ಒಗರು ಜಾಸ್ತಿ. ಆದರೂ ಆಡುಗಳಿಗೆ ಅದೆಂದರೆ ಪ್ರಾಣ. ಆ ಒಗರು, ಅಂದರೆ ಟ್ಯಾನಿನ್, ಅತಿಯಾದರೆ ಪ್ರೋಟೀನನ್ನು ಹಿಡಿದಿಟ್ಟು ಜೀರ್ಣವಾಗಲು ಬಿಡುವುದಿಲ್ಲ. ಮಿತವಾಗಿದ್ದರೆ ಹೊಟ್ಟೆಹುಳಕ್ಕೆ ಕಡಿವಾಣ. ಅದಕ್ಕೇ ಒಂದೇ ಸೊಪ್ಪನ್ನು ನೆಚ್ಚಿಕೊಳ್ಳಬೇಡಿ.

25 ಕಿಲೋ ತೂಕದ ಆಡಿಗೆ ದಿನಕ್ಕೆ ಮುಕ್ಕಾಲರಿಂದ ಒಂದು ಕಿಲೋ ಒಣ ಆಹಾರ, ಅಂದರೆ ಮೇವಿನ ನೀರು ಕಳೆದು ಉಳಿಯುವ ತೂಕ, ಬೇಕು. ನಾನು ಎರಡು ಕಿಲೋ ಹಲಸಿನ ಸೊಪ್ಪು, ಒಂದು ಕಿಲೋ ಗ್ಲಿರಿಸಿಡಿಯ, ಮೇಲೆ ಒಂದು ಹಿಡಿ ಬೈಹುಲ್ಲು ಕೊಡುತ್ತೇನೆ. ಸುಬಾಬುಲ್ ಇದ್ದರೆ ಒಟ್ಟು ಮೇವಿನ ಮೂರನೇ ಒಂದು ಪಾಲು ದಾಟದಂತೆ ನೋಡಿಕೊಳ್ಳಿ. ಅದರಲ್ಲಿರುವ ಮಿಮೋಸಿನ್ ಎಂಬ ವಿಷದ ಅಂಶ ಜಾಸ್ತಿಯಾದರೆ ಕೂದಲು ಉದುರುತ್ತದೆ. ಬೇಲಿ ಸೊಪ್ಪಿನಲ್ಲಿ ಸುಣ್ಣದ ಅಂಶ ಧಾರಾಳ, ರಂಜಕ ಕಡಿಮೆ. ದಿನಕ್ಕೊಂದು ಹಿಡಿ ಗೋಧಿ ಬೂಸಾ ಹಾಕಿದರೆ ಆ ಕೊರತೆ ತುಂಬುತ್ತದೆ. ಹೋತಗಳಿಗೆ ಮಾತ್ರ ಬೂಸಾ, ತೌಡು ಸುರಿಯಬೇಡಿ, ಮೂತ್ರದಲ್ಲಿ ಕಲ್ಲು ಕಟ್ಟುವ ಅಪಾಯ ಇದೆ.

ಇನ್ನು ಕೊಡುವ ರೀತಿ. ಇದರಲ್ಲೇ ಹೆಚ್ಚಿನವರು ಸೋಲುವುದು. ಗ್ಲಿರಿಸಿಡಿಯ ಎಲೆಯನ್ನು ಹಿಚುಕಿ ಮೂಗಿಗೆ ಹಿಡಿದು ನೋಡಿ, ಒಂದು ಘಾಟು ಬರುತ್ತದೆ. ಹೊಸ ಆಡು ಮೂಸಿ ಮುಖ ತಿರುಗಿಸುವುದು ಅದಕ್ಕೇ. ಸಂಜೆ ಕತ್ತಿಯಲ್ಲಿ ಕಡಿದು ತನ್ನಿ. ಸಣ್ಣ ಸಣ್ಣ ಸೂಡಿ ಕಟ್ಟಿ, ಹಟ್ಟಿಯ ಮಾಡಿನ ಕೆಳಗೆ ತಲೆಕೆಳಗಾಗಿ ತೂಗುಹಾಕಿ. ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ನೋಡಿದರೆ ಎಲೆ ಬಾಡಿ ಮೆತ್ತಗಾಗಿರುತ್ತದೆ, ಮಳೆನೀರೂ ಇಳಿದಿರುತ್ತದೆ. ಬಾಡಿದ ಸೊಪ್ಪಿಗೆ ಆಡುಗಳು ಬೇಗ ಒಗ್ಗಿಕೊಳ್ಳುತ್ತವೆ. ಮೊದಲು ಹಲಸಿನ ಸೊಪ್ಪಿನ ಮಧ್ಯೆ ನಾಲ್ಕೈದು ಕಡ್ಡಿ ಸೇರಿಸಿ, ಉಪ್ಪುನೀರು ಚಿಮುಕಿಸಿ. ಎರಡು ವಾರದಲ್ಲಿ ಮೆಲ್ಲಗೆ ಹೆಚ್ಚಿಸಿ. ನೆಲಕ್ಕೆ ಹಾಕಬೇಡಿ. ತುಳಿದು, ಹಿಕ್ಕೆ ಬಿದ್ದ ಸೊಪ್ಪನ್ನು ಆಡು ಮುಟ್ಟುವುದಿಲ್ಲ. ಕತ್ತೆತ್ತಿ ಎಟಕಿಸಿಕೊಂಡು ತಿನ್ನುವಷ್ಟು ಎತ್ತರಕ್ಕೆ ಕಟ್ಟಿ.

ಹಿಕ್ಕೆ ದಿನಾ ನೋಡಿ. ಬಿಡಿಬಿಡಿ ಗುಂಡಗಿದ್ದರೆ ಸರಿ. ಮುದ್ದೆಯಾದರೆ ಎಳೆ ಸೊಪ್ಪು ಕಡಿಮೆ ಮಾಡಿ ಬೈಹುಲ್ಲು ಹೆಚ್ಚಿಸಿ.

ಗಿಡವನ್ನು ಸೊಂಟದ ಎತ್ತರಕ್ಕೆ ಸವರುತ್ತಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ಹೊಸ ಚಿಗುರು ಸಿಗುತ್ತದೆ. ಬಲಿತ ಎಲೆಯಲ್ಲಿ ನಾರು ಜಾಸ್ತಿ, ಪ್ರೋಟೀನ್ ಕಡಿಮೆ. ಸವರದೆ ಬಿಟ್ಟರೆ ಬೇಸಿಗೆಯಲ್ಲಿ ಗ್ಲಿರಿಸಿಡಿಯ ಎಲೆ ಉದುರಿಸಿ ಹೂ ಬಿಡುತ್ತದೆ, ನಮಗೆ ಮೇವಿಲ್ಲ.

ಕಣಗಿಲೆ, ಲಂಟಾನ ಹತ್ತಿರವೂ ಬಿಡಬೇಡಿ. ಮರಗೆಣಸಿನ ಹಸಿ ಎಲೆ, ರಬ್ಬರ್ ಎಲೆಯಲ್ಲಿ ಸಯನೈಡ್ ವಿಷ ಇರುತ್ತದೆ. ತೋಟದಲ್ಲಿ ಮರಗೆಣಸು ಕಿತ್ತ ದಿನ ಆಡನ್ನು ಕಟ್ಟಿಯೇ ಇಡಿ. ಜೊಲ್ಲು ಸುರಿಸಿ ಏದುಸಿರು ಬಿಡುವುದು ಕಂಡರೆ ಮನೆಮದ್ದು ಅಂತ ಹೊತ್ತು ಕಳೆಯಬೇಡಿ. ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ, ಅದು ತಿಂದ ಗಿಡದ ಒಂದು ಕೊಂಬೆಯನ್ನೂ ತೋರಿಸಲು ಇಟ್ಟುಕೊಳ್ಳಿ.