ಆಡಿನ ಮೆದುಳು ಹಿಡಿದು ಹೊಸ ನರಕೋಶದ ಪಾಠ: ಕಾರವಾರದ ನರ್ಸಿಂಗ್ ತರಗತಿಯ ಅನುಭವ

ದೊಡ್ಡವರ ಮೆದುಳಿನಲ್ಲೂ ಹೊಸ ನರಕೋಶ ಹುಟ್ಟುತ್ತವೆಯೇ? ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರಿನಲ್ಲಿ ಈ ಪಾಠವನ್ನು ನಾನು ಆಡಿನ ಮೆದುಳಿನಿಂದ ಶುರು ಮಾಡುತ್ತೇನೆ. ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಏಕಿಲ್ಲ ಎಂಬುದಕ್ಕೆ ಅರ್ಧ ಉತ್ತರ, ಮೆದುಳು ಕೊಳೆಯದಂತೆ ಮುಳುಗಿಸಿಡುವ ಫಾರ್ಮಲಿನ್ ದ್ರಾವಣದ ಡಬ್ಬಿಯಲ್ಲೇ ಇದೆ.

ಮಟನ್ ಅಂಗಡಿಯಲ್ಲಿ ಹಿಂದಿನ ದಿನವೇ ಹೇಳಿಡಬೇಕು. ಇಲ್ಲವಾದರೆ ತಲೆ ಕಡಿಯುವಾಗ ಮೆದುಳು ಜಜ್ಜಿಹೋಗುತ್ತದೆ. ಕರಾವಳಿಯ ಸೆಕೆಗೆ ಅದು ಬೇಗ ಮೆತ್ತಗಾಗುವುದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಮೇಲಿಟ್ಟು ತರುತ್ತೇವೆ. ಗಾಢ ಫಾರ್ಮಲಿನ್ ಒಂದು ಪಾಲಿಗೆ ನೀರು ಒಂಬತ್ತು ಪಾಲು. ಒಂದು ಮೆದುಳಿಗೆ ಎರಡು ಲೀಟರ್ ದ್ರಾವಣ. ಕಡಿಮೆ ಹಾಕಿದರೆ ಹೊರಭಾಗ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ತಳಕ್ಕೆ ಹತ್ತಿ ಹಾಸದಿದ್ದರೆ ಒಂದು ಬದಿ ಚಪ್ಪಟೆ. ಎರಡು ವಾರದ ನಂತರ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಗ್ಲೌಸ್ ಹಾಕಿಕೊಂಡು ಕೊಯ್ಯಬೇಕು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ. ಆ ಹೊಗೆ ಕಣ್ಣು, ಗಂಟಲು ಎರಡಕ್ಕೂ ಕೆಟ್ಟದ್ದು.

ಮೇಲಿನಿಂದ ಕಾರ್ಟೆಕ್ಸನ್ನು, ಅಂದರೆ ಮೆದುಳಿನ ಹೊರಪದರವನ್ನು, ತೆಳುವಾಗಿ ತೆಗೆಯುತ್ತ ಹೋದರೆ ಪಾರ್ಶ್ವ ಕುಹರ ಎಂಬ ಒಳಪೊಳ್ಳು ತೆರೆದುಕೊಳ್ಳುತ್ತದೆ. ಅದರ ತಳದಲ್ಲಿ ಹಿಂದಕ್ಕೆ ಬಾಗಿ ಕೆಳಗಿಳಿಯುವ ಬಿಳಿ ಉಬ್ಬೇ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್. ಮುಂದಿರುವ ಬೂದು ಉಬ್ಬು ಕಾಡೇಟ್ ಎಂಬ ಬೇರೆಯೇ ಭಾಗ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಬಿಳಿ ಉಬ್ಬನ್ನು ಅಡ್ಡ ಕೊಯ್ದು ಭೂತಗನ್ನಡಿ ಹಿಡಿದರೆ ಸುರುಳಿ ಕಾಣುತ್ತದೆ. ಒಳಸುರುಳಿ ಡೆಂಟೇಟ್ ಗೈರಸ್, ವಿವಾದವೆಲ್ಲ ಇರುವ ಜಾಗ.

1965ರಲ್ಲಿ ಆಲ್ಟ್‌ಮನ್ ಮತ್ತು ದಾಸ್ ಇಲಿಗಳ ಈ ಭಾಗದಲ್ಲಿ ಹೊಸ ಕೋಶ ತೋರಿಸಿದರು. ಆಗ ನಂಬಿದವರು ಕಡಿಮೆ. 1998ರಲ್ಲಿ ಮನುಷ್ಯರಲ್ಲೂ ಪುರಾವೆ ಸಿಕ್ಕಿತು. 2013ರಲ್ಲಿ, ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿದ ಕಾರ್ಬನ್-14 (ವಿಕಿರಣಶೀಲ ಇಂಗಾಲ) ಕೋಶಗಳಲ್ಲಿ ಎಷ್ಟಿದೆ ಎಂಬುದನ್ನು ಆಧರಿಸಿ, ಒಂದೊಂದು ಹಿಪೊಕ್ಯಾಂಪಸ್‌ಗೆ ದಿನಕ್ಕೆ ಸುಮಾರು 700 ಕೋಶ ಸೇರುತ್ತವೆ ಎಂದು ಲೆಕ್ಕ ಹಾಕಲಾಯಿತು. 2018ರಲ್ಲಿ ಒಂದು ತಂಡ ವಯಸ್ಕರಲ್ಲಿ ಏನೂ ಕಾಣಲಿಲ್ಲ ಎಂದರೆ, ಇನ್ನೊಂದು ತಂಡ ಎಪ್ಪತ್ತು ದಾಟಿದವರಲ್ಲೂ ಕಂಡಿತು. ಮರುವರ್ಷ ಮ್ಯಾಡ್ರಿಡ್‌ನ ತಂಡ ಒಂದು ಮುಖ್ಯ ಕಾರಣ ತೋರಿಸಿತು: ಎಳೆಯ ಕೋಶಗಳನ್ನು ಗುರುತಿಸುವ ಡಬಲ್‌ಕಾರ್ಟಿನ್ ಪ್ರೋಟೀನು, ಅಂಗಾಂಶ ಫಾರ್ಮಲಿನ್‌ನಂಥ ಫಿಕ್ಸೇಟಿವ್‌ನಲ್ಲಿ (ಕೆಡದಂತೆ ಇಡುವ ದ್ರಾವಣ) ಹೆಚ್ಚು ಹೊತ್ತು ಉಳಿದಷ್ಟೂ ಪತ್ತೆಯಾಗದೆ ಹೋಗುತ್ತದೆ. ನಮ್ಮ ಡಬ್ಬಿಯ ಮೆದುಳು ಎರಡು ವಾರ ನೆನೆದದ್ದು. ಅದರಲ್ಲಿ ಆ ಗುರುತು ಹುಡುಕಿ ಸಿಗದಿದ್ದರೆ, ಕೋಶವೇ ಇರಲಿಲ್ಲ ಎನ್ನಬಹುದೇ? ಈ ಪ್ರಶ್ನೆ ಕೇಳಿದಾಗ ತರಗತಿ ನಿಜಕ್ಕೂ ಯೋಚಿಸತೊಡಗುತ್ತದೆ. ಮಾದರಿ ಹೇಗೆ ಸಂಗ್ರಹವಾಯಿತು ಎಂದು ಕೇಳುವ ಈ ಅಭ್ಯಾಸ, ಮುಂದೆ ವಾರ್ಡಿನಲ್ಲಿ ರಕ್ತದ ಟ್ಯೂಬು ಲ್ಯಾಬಿಗೆ ಕಳಿಸುವಾಗಲೂ ಬೇಕು.

ಇನ್ನು ಈ ಕೋಶಗಳ ಕೆಲಸ. ಇಲಿಗಳಲ್ಲಿ ಹೊಸ ಕೋಶ ತಡೆದಾಗ, ಹತ್ತಿರ ಹತ್ತಿರದ ಎರಡು ಜಾಗಗಳನ್ನು ಬೇರ್ಪಡಿಸಿ ನೆನಪಿಡಲು ಅವು ಸೋತವು. ದೂರದ ಜಾಗಗಳಲ್ಲಿ ತೊಂದರೆಯಿರಲಿಲ್ಲ. ಅಂಕೋಲೆಯಿಂದ ದಿನಾ ಬಂದು ಬಸ್ ನಿಲ್ದಾಣದ ಹತ್ತಿರ ಸ್ಕೂಟರ್ ನಿಲ್ಲಿಸುವ ಹುಡುಗಿಗೆ, ನಿನ್ನೆಯ ಜಾಗ ಬಿಟ್ಟು ಇವತ್ತಿನದು ನೆನಪಾಗಬೇಕಲ್ಲ, ಅಂಥ ಕೆಲಸ. ಹೆಸರು ಹೋಲುವ ಡೋಪಮಿನ್, ಡೊಬ್ಯುಟಮಿನ್ ಔಷಧಿಗಳ ಆಂಪೂಲ್‌ಗಳ (ಇಂಜೆಕ್ಷನ್ ಸೀಸೆ) ಗೊಂದಲವೂ ಇದೇ ಜಾತಿಯದು. ಹಾಗೆಂದು ಔಷಧಿ ಅದಲುಬದಲು ಮಾಡಿದವರಿಗೆ ಹೊಸ ಕೋಶ ಕಡಿಮೆ ಎಂದು ಬರೆದರೆ ನಾನು ಅಂಕ ಕೊಡುವುದಿಲ್ಲ, ಅದಕ್ಕೆ ಪುರಾವೆಯಿಲ್ಲ. ಆಂಪೂಲ್‌ಗಳನ್ನು ಬೇರೆ ಬೇರೆ ಖಾನೆಯಲ್ಲಿಟ್ಟು ಲೇಬಲ್ ಮೂರು ಸಲ ಓದುವುದೇ ದಾರಿ.

ಮರೆವಿನ ಅಜ್ಜಿಯ ಮನೆಯವರಿಗೆ ಏನು ಹೇಳಬೇಕೆಂದೂ ಅಭ್ಯಾಸ ಮಾಡಿಸುತ್ತೇನೆ. ಒಂದು ವರ್ಷ ನಡಿಗೆ ಮಾಡಿದ ಹಿರಿಯರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿದ್ದು 2011ರ ಎಂಆರ್‌ಐ ಅಧ್ಯಯನದಲ್ಲಿ ಕಂಡಿತು. ಆದರೆ ಎಂಆರ್‌ಐ ಗಾತ್ರ ಅಳೆಯುತ್ತದೆಯೇ ಹೊರತು ಹೊಸ ಕೋಶ ಎಣಿಸುವುದಿಲ್ಲ. ಆದ್ದರಿಂದ ವಿದ್ಯಾರ್ಥಿಗಳು “ಅಮ್ಮನನ್ನು ಸಂಜೆ ನಡೆಸಿ, ರಾತ್ರಿ ಚೆನ್ನಾಗಿ ನಿದ್ದೆಯಾಗಲಿ” ಎನ್ನಲಿ. “ಹೊಸ ಕೋಶ ಹುಟ್ಟುತ್ತವೆ” ಎಂಬ ಭರವಸೆ ಕೊಡುವುದು ಬೇಡ.